ಚುನಾವಣೆಯ ತಾರೀಕು ಯಾರ ಕೈಯಲ್ಲಿ?

2020ರ ಡಿಸೆಂಬರ್ 22, ಮಂಗಳವಾರ. ಮಂಡ್ಯ ಜಿಲ್ಲೆಯಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆಯ ಮೊದಲ ಹಂತ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿ ಜನ ಮಾಸ್ಕ್ ಕಟ್ಟಿಕೊಂಡು ಶಾಲೆಗಳ ಮುಂದೆ ಸಾಲುಗಟ್ಟಿದರು. ಕೊರೊನಾ ಭಯ ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೂ ಪಂಚಾಯ್ತಿ ಎಲೆಕ್ಷನ್ ಎಂದರೆ ಈ ಸೀಮೆಯಲ್ಲಿ ಬೇರೆಯದೇ ಕಾವು. ಲೋಕಸಭೆ ಚುನಾವಣೆಗೆ ಊರ ಕಡೆ ತಲೆ ಹಾಕದವರೂ ಇದಕ್ಕೆ ಬೆಂಗಳೂರಿನಿಂದ ಬಸ್ಸು ಹತ್ತಿ ಬರುತ್ತಾರೆ. ನಿಂತವನು ಪಕ್ಕದ ಮನೆಯವನಾಗಿರುತ್ತಾನೆ, ಭಾವಮೈದುನನಾಗಿರುತ್ತಾನೆ, ಇಲ್ಲವೇ ಬದುವಿನ ಜಗಳದಲ್ಲಿ ಮಾತು ಬಿಟ್ಟವನಾಗಿರುತ್ತಾನೆ. ಬರದೆ ಉಳಿದರೆ ಯಾರು ಬರಲಿಲ್ಲ ಎಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತು.

ಈ ಜಿಲ್ಲೆಯ ಪಂಚಾಯ್ತಿ ಚುನಾವಣೆಯಲ್ಲಿ ಅಂದು ಮತಯಂತ್ರವಿರಲಿಲ್ಲ, ಕಾಗದದ ಮತಪತ್ರ ಮತ್ತು ಮುದ್ರೆ. ಒಂದೇ ಕ್ಷೇತ್ರದಿಂದ ಇಬ್ಬರೋ ಮೂವರೋ ಆಯ್ಕೆಯಾಗಬೇಕಾದ ಕಡೆ ಮತದಾರನಿಗೂ ಅಷ್ಟೇ ಓಟು. ವಯಸ್ಸಾದವರು ಒಂದಕ್ಕೆ ಮುದ್ರೆ ಒತ್ತಿ ಇನ್ನೊಂದನ್ನು ಹಾಗೇ ಮಡಚಿ ಪೆಟ್ಟಿಗೆಗೆ ಹಾಕುವುದುಂಟು. ಮಡಚುವಾಗ ಮಸಿ ಅಂಟಿ ಎರಡು ಗುರುತಿನ ಮೇಲೂ ಕಾಣಿಸಿಕೊಂಡರೆ ಎಣಿಕೆ ಟೇಬಲ್ಲಿನ ಮುಂದೆ ಏಜೆಂಟರ ಗಲಾಟೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬ ಲೆಕ್ಕವಿರುವುದರಿಂದ ಗೆಲುವಿನ ಅಂತರ ಒಂದೇ ಓಟಿಗೆ ಇಳಿಯುವುದು ಅಪರೂಪವಲ್ಲ. ಸಮ ಸಮ ಬಂದರೆ ಚೀಟಿ ಎತ್ತುತ್ತಾರೆ. ಡಿಸೆಂಬರ್ 30ರಂದು ತಾಲ್ಲೂಕು ಕೇಂದ್ರಗಳಲ್ಲಿ ಎಣಿಕೆ ಮುಗಿಯುವಷ್ಟರಲ್ಲಿ ರಾತ್ರಿಯಾಗಿತ್ತು. ಪಕ್ಷದ ಚಿಹ್ನೆಯಿಲ್ಲದ ಈ ಚುನಾವಣೆಯಲ್ಲಿ ಎಲ್ಲ ಪಕ್ಷಗಳೂ ತಾವೇ ಗೆದ್ದೆವೆಂದು ಹೇಳಿಕೊಂಡವು. ಇದು ಪ್ರತಿ ಸಲದ ರೂಢಿ.

ಇದೇ ಮತದಾರರು ತಾಲ್ಲೂಕು ಪಂಚಾಯ್ತಿ ಮತ್ತು ಜಿಲ್ಲಾ ಪಂಚಾಯ್ತಿಗೆ ಕೊನೆಯ ಸಲ ಓಟು ಹಾಕಿದ್ದು 2016ರ ಫೆಬ್ರುವರಿಯಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಡಳಿತಾಧಿಕಾರಿಗಳು ಬಂದು ಕುಳಿತರು. ಆಮೇಲೆ ನಾಲ್ಕು ವರ್ಷ ಉರುಳಿದರೂ ಚುನಾವಣೆ ನಡೆಯಲಿಲ್ಲ. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಲೇಬೇಕು ಎಂದು ಸಂವಿಧಾನದ 243-ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಹಾಗಿದ್ದೂ ಇದು ಹೇಗೆ ಸಾಧ್ಯವಾಯಿತು?

ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ಥಳೀಯ ಸಂಸ್ಥೆಗಳ ಚುನಾವಣೆಯ ಸುಧಾರಣೆ ಎಂದ ಕೂಡಲೇ ನಾವು ಯಾರಿಗೆ ಓಟು, ಯಾರಿಗೆ ಮೀಸಲಾತಿ ಎಂಬ ಕಡೆಗೇ ನೋಡುತ್ತೇವೆ. ಅವೆರಡೂ ದೊಡ್ಡ ವಿಷಯಗಳೇ. ನನಗೆ ಕಾಣುವಂತೆ, 1938ರ ಶಿವಪುರದ ಬಾವುಟ ಸತ್ಯಾಗ್ರಹದಿಂದ ಇವತ್ತಿನವರೆಗೆ ಗೆಲ್ಲದೆ ಉಳಿದ ಹೋರಾಟ ಇನ್ನೊಂದಿದೆ: ಚುನಾವಣೆಯ ತಾರೀಕು ಯಾರು ಗೊತ್ತುಮಾಡಬೇಕು ಎಂಬುದು.

ಕಂದಾಯ ಕಟ್ಟಿದವನ ಓಟು

ಮೈಸೂರು ಸಂಸ್ಥಾನಕ್ಕೆ ಚುನಾವಣೆಯ ಪರಿಚಯ ಬೇಗನೇ ಆಯಿತು. 1881ರ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ ದಿವಾನ್ ರಂಗಾಚಾರ್ಲು ಅವರು 144 ಜನರ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. ಅವರೆಲ್ಲ ಆರಿಸಿ ಕರೆಸಿದ ರೈತರು, ವರ್ತಕರು. ಚುನಾವಣೆ ಬಂದದ್ದು 1891ರಲ್ಲಿ, ಅದೂ ಇಂತಿಷ್ಟು ಕಂದಾಯ ಕಟ್ಟುವವರಿಗೆ, ಆಸ್ತಿಪಾಸ್ತಿ ಇದ್ದವರಿಗೆ, ಪದವಿ ಪಡೆದವರಿಗೆ. ಸಭೆ ಅಹವಾಲು ಹೇಳಬಹುದಿತ್ತು, ಹುಕುಂ ಮಾಡುವಂತಿರಲಿಲ್ಲ.

ಸ್ಥಳೀಯ ಸಂಸ್ಥೆಗಳು ಇದಕ್ಕಿಂತ ನಿಧಾನ. 1902ರ ಲೋಕಲ್ ಬೋರ್ಡ್ಸ್ ರೆಗ್ಯುಲೇಷನ್ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಯೂನಿಯನ್ ಪಂಚಾಯ್ತಿ ಎಂಬ ಮೂರು ಮೆಟ್ಟಿಲು ಕಟ್ಟಿತು. ಮೇಲೆ ಕುಳಿತವರು ಮಾತ್ರ ಅಧಿಕಾರಿಗಳೇ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಸಮಿತಿಗಳು ಕೂತು, 1918ರಲ್ಲಿ ಹೊಸ ಕಾನೂನು ಬಂದು, ಚುನಾಯಿತರ ಪಾಲು ಹೆಚ್ಚಿತು. 1926ರಲ್ಲಿ ಜಿಲ್ಲಾ ಬೋರ್ಡಿಗೂ ಗ್ರಾಮ ಪಂಚಾಯ್ತಿಗೂ ಬೇರೆ ಬೇರೆ ಕಾನೂನಾಗಿ ತಾಲ್ಲೂಕು ಬೋರ್ಡು ಹೋಯಿತು. ಹೆಂಗಸರಿಗೆ ಪ್ರಜಾಪ್ರತಿನಿಧಿ ಸಭೆಯ ಮತದಾನದ ಹಕ್ಕು ಸಿಕ್ಕಿದ್ದು 1923ರ ಸುಧಾರಣೆಗಳ ಹೊತ್ತಿಗೆ. ಅದಕ್ಕೂ ಆಸ್ತಿಯ ಅರ್ಹತೆ ಬೇಕಿತ್ತು. ಆಸ್ತಿ ಹೆಂಗಸರ ಹೆಸರಿನಲ್ಲಿ ಎಷ್ಟಿತ್ತು ಎಂಬುದನ್ನು ಓದುಗರೇ ಊಹಿಸಬಹುದು.

ಹಳ್ಳಿಯಲ್ಲಿ ನಿಜವಾದ ಅಧಿಕಾರ ಇದ್ದದ್ದು ಚುನಾವಣೆಗೆ ಸಂಬಂಧವೇ ಇಲ್ಲದ ಇಬ್ಬರ ಕೈಯಲ್ಲಿ: ಪಟೇಲ ಮತ್ತು ಶಾನುಭೋಗ. ಕಂದಾಯ ವಸೂಲಿ ಒಬ್ಬನದು, ಲೆಕ್ಕದ ಕಡತ ಇನ್ನೊಬ್ಬನದು. ಎರಡೂ ವಂಶಪಾರಂಪರ್ಯ. ಪಂಚಾಯ್ತಿಗೆ ಯಾರೇ ಗೆಲ್ಲಲಿ, ಪಟೇಲರ ಜಗುಲಿ ದಾಟಿ ಏನೂ ನಡೆಯುತ್ತಿರಲಿಲ್ಲ. ಈ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಬಂದು 1963ರಲ್ಲಿ ಜಾರಿಯಾಯಿತು. ಸ್ಥಳೀಯ ಪ್ರಜಾಪ್ರಭುತ್ವದ ಚರಿತ್ರೆ ಬರೆಯುವವರು ಇದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ನನ್ನ ಪ್ರಕಾರ ಎಷ್ಟೋ ಚುನಾವಣಾ ಸುಧಾರಣೆಗಳಿಗಿಂತ ಇದರ ತೂಕ ಹೆಚ್ಚು.

ಶಿವಪುರದ ಬಾವುಟ

ಕನ್ನಂಬಾಡಿ ಕಟ್ಟೆಯ ಇರ್ವಿನ್ ನಾಲೆ (ಇಂದಿನ ವಿಶ್ವೇಶ್ವರಯ್ಯ ನಾಲೆ) ಮಂಡ್ಯ ಸೀಮೆಗೆ ನೀರು ತಂದಾಗ ಅದರ ಜೊತೆಗೆ ಕರ, ಕಟ್ಟುಪಾಡು, ಅರ್ಜಿ, ನಿಯೋಗಗಳೂ ಬಂದವು. ಯಾವ ಹೊಲಕ್ಕೆ ಯಾವಾಗ ನೀರು, ಎಷ್ಟು ತೆರಿಗೆ ಎಂದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕುಳಿತವರು ತೀರ್ಮಾನಿಸುತ್ತಿದ್ದರು. 1930ರ ದಶಕದ ಆರಂಭದ ಇರ್ವಿನ್ ನಾಲೆ ರೈತ ಚಳವಳಿ ಇದರಿಂದಲೇ ಹುಟ್ಟಿದ್ದು. ‘ಚಿತ್ರಗುಪ್ತ’ ಪತ್ರಿಕೆಯ ಎಚ್.ಕೆ. ವೀರಣ್ಣಗೌಡರಂಥವರು ಆ ಹೋರಾಟದ ಮುಂಚೂಣಿಯಲ್ಲಿದ್ದರು. ಮಂಡ್ಯದ ರೈತನಿಗೆ ಸರ್ಕಾರದ ಜೊತೆ ಕೂತು ಜಗಳವಾಡುವ ಅಭ್ಯಾಸ ಆಗಲೇ ಆಗಿತ್ತು. ಇವತ್ತಿನ ಕಾವೇರಿ ಚಳವಳಿಯ ಬೇರು ಅಲ್ಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

1937ರಲ್ಲಿ ಪ್ರಜಾಪಕ್ಷದ ಗ್ರಾಮೀಣ ಮುಖಂಡರು ಕಾಂಗ್ರೆಸ್ ಸೇರಿದರು. ಅದುವರೆಗೆ ಬೆಂಗಳೂರು, ಮೈಸೂರಿನ ವಕೀಲರ ಪಕ್ಷದಂತಿದ್ದ ಕಾಂಗ್ರೆಸ್ಸಿಗೆ ಹಳ್ಳಿಗಳಲ್ಲಿ ಕಾಲೂರಲು ಜಾಗ ಸಿಕ್ಕಿತು. ಹೀಗೆ ಬಂದವರಲ್ಲಿ ಅನೇಕರು ಜಿಲ್ಲಾ ಬೋರ್ಡು, ಪ್ರಜಾಪ್ರತಿನಿಧಿ ಸಭೆಗಳಲ್ಲಿ ಪಳಗಿದವರು. ಅಧಿಕಾರವಿಲ್ಲದ ಬೋರ್ಡಿನಲ್ಲಿ ಮಾತಾಡಿ ಮಾತಾಡಿ ಬೇಸತ್ತವರು ಎಂದರೂ ಸರಿಯೇ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಮದ್ದೂರಿನ ಪಕ್ಕದ ಶಿವಪುರದಲ್ಲಿ ಶಿಂಷಾ ನದಿಯ ದಂಡೆಯ ಬಳಿ ಸೇರಿತು. ತಿರುಮಲೇಗೌಡರು ತಮ್ಮ ಜಮೀನು ಬಿಟ್ಟುಕೊಟ್ಟರು. ಸಾಹುಕಾರ್ ಚನ್ನಯ್ಯ, ವೀರಣ್ಣಗೌಡ ಮುಂತಾದವರು ನಿಂತು ಏರ್ಪಾಡು ಮಾಡಿದರು. ಕಾಂಗ್ರೆಸ್ ಬಾವುಟ ಏರಿಸಕೂಡದೆಂದು ನಿಷೇಧಾಜ್ಞೆ ಬಂತು. ಏಪ್ರಿಲ್ 11ರಂದು ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರು ಬಾವುಟ ಏರಿಸಿ ಬಂಧನಕ್ಕೊಳಗಾದರು. ಅವರ ಹಿಂದೆ ಒಬ್ಬರಾದ ಮೇಲೆ ಒಬ್ಬರು. ಸರಿಯಾಗಿ ಎರಡು ವಾರಕ್ಕೆ, ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಸರ್ದಾರ್ ಪಟೇಲ್ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಒಪ್ಪಂದ ಮಾಡಿಕೊಂಡರು. ಕಾಂಗ್ರೆಸ್ ಬಾವುಟಕ್ಕೆ ಮಹಾರಾಜರ ಬಾವುಟದ ಪಕ್ಕದಲ್ಲಿ ಜಾಗ ಸಿಕ್ಕಿತು.

ಶಿವಪುರದ ಬೇಡಿಕೆ ಜವಾಬ್ದಾರಿ ಸರ್ಕಾರ, ಅಂದರೆ ಜನರು ಆರಿಸಿದವರಿಗೆ ಉತ್ತರ ಕೊಡುವ ಸರ್ಕಾರ. ಮರುವರ್ಷ, 1939ರ ಜುಲೈ 1ರಂದು, ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆ ಹುಟ್ಟಿತು. ಹೊಸ ಜಿಲ್ಲೆ ಎಂದರೆ ಹೊಸ ಕಚೇರಿ, ಹೊಸ ಜಿಲ್ಲಾ ಬೋರ್ಡು. ಆದರೆ ಕೇಳಿದ್ದು ಕೈಗೆ ಬಂದದ್ದು 1947ರ ‘ಮೈಸೂರು ಚಲೋ’ ಆದ ಮೇಲೆ, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ರಚನೆಯಾದಾಗ. ಮೇಲಿನ ಮನೆಗೆ ಪ್ರಜಾಪ್ರಭುತ್ವ ಬಂತು. ಕೆಳಗಿನ ಮನೆಗೆ ಬರಲು ಇನ್ನೂ ಸಮಯ ಹಿಡಿಯಿತು.

ಚೇರ್ಮನ್ನರ ಕಾಲ

1952ರ ಕಾಯ್ದೆಯಿಂದ ವಯಸ್ಕ ಮತದಾನ ಹಳ್ಳಿ ಪಂಚಾಯ್ತಿಗೂ ಬಂತು. 1959ರ ಕಾಯ್ದೆ ಹಳೇ ಮೈಸೂರು, ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕದ ಬೇರೆ ಬೇರೆ ಪದ್ಧತಿಗಳನ್ನು ಒಂದು ಮಾಡಿ ಗ್ರಾಮ ಪಂಚಾಯ್ತಿ, ತಾಲ್ಲೂಕು ಅಭಿವೃದ್ಧಿ ಮಂಡಳಿ, ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂದು ಜೋಡಿಸಿತು. ಗುಪ್ತ ಮತದಾನ, ಪರಿಶಿಷ್ಟರಿಗೆ ಮೀಸಲು, ಹೆಂಗಸರಿಗೆ ಎರಡು ಸ್ಥಾನ ಎಲ್ಲ ಇತ್ತು. ಜಿಲ್ಲೆಯ ಮಟ್ಟದ ಪರಿಷತ್ತಿಗೆ ಡೆಪ್ಯೂಟಿ ಕಮಿಷನರೇ ಅಧ್ಯಕ್ಷರು. ಅದು ಸಲಹೆ ಕೊಡಬಹುದು, ಅಷ್ಟೇ. ಜಿಲ್ಲೆಯಲ್ಲಿ ಬಲವಾದ ಚುನಾಯಿತ ಸಂಸ್ಥೆ ಬೇಕೆಂದು ಕೊಂಡಜ್ಜಿ ಬಸಪ್ಪ ಸಮಿತಿ 1963ರಲ್ಲೇ ಹೇಳಿತ್ತು. ಅದರ ಮೇಲೆ ತಂದ ಮಸೂದೆ ಕಾನೂನಾಗಲಿಲ್ಲ.

ಮಂಡ್ಯ ಸೀಮೆಯ ಹಳಬರ ಬಾಯಲ್ಲಿ ಇವತ್ತಿಗೂ ಉಳಿದಿರುವ ‘ಚೇರ್ಮನ್ರು’, ‘ಟಿಡಿಬಿ (ತಾಲ್ಲೂಕು ಅಭಿವೃದ್ಧಿ ಮಂಡಳಿ) ಮೆಂಬರ್ರು’ ಎಂಬ ಮಾತುಗಳು ಆ ಕಾಲದವು. ಚೇರ್ಮನ್ ಎಂದರೆ ಊರಲ್ಲಿ ಒಂದು ಗತ್ತು. ಆದರೆ ಆ ಗತ್ತಿನ ಅವಧಿ ಎಷ್ಟು? ಕಾನೂನಿನಲ್ಲಿ ಬರೆದದ್ದು ನಾಲ್ಕು ವರ್ಷ. ತಾಲ್ಲೂಕು ಮಂಡಳಿಗಳಿಗೆ ಚುನಾವಣೆ ನಡೆದದ್ದು 1960ರಲ್ಲಿ, ಆಮೇಲೆ 1968ರಲ್ಲಿ, ಆಮೇಲೆ 1978ರಲ್ಲಿ. ಒಮ್ಮೆ ಗೆದ್ದ ಮೆಂಬರು ಎಂಟು ವರ್ಷ, ಹತ್ತು ವರ್ಷ ಮೆಂಬರಾಗಿಯೇ ಉಳಿಯಬಹುದಿತ್ತು. ಅದಕ್ಕೆ ಅವನೇನೂ ಮಾಡಬೇಕಿರಲಿಲ್ಲ. ಬೆಂಗಳೂರಿನಲ್ಲಿ ಯಾರೋ ಕಡತ ಮುಂದೂಡಿದರೆ ಸಾಕಿತ್ತು. ಮತದಾನದ ಹಕ್ಕು ಎಲ್ಲರಿಗೂ ಇತ್ತು, ಚಲಾಯಿಸುವ ದಿನ ಮಾತ್ರ ಬರುತ್ತಿರಲಿಲ್ಲ.

ನೀರ್ ಸಾಬರ ಕಾಯ್ದೆ

1970ರ ದಶಕದ ನಡುವಿನಿಂದ 80ರ ದಶಕದ ಆರಂಭದವರೆಗೆ ಕರ್ನಾಟಕದಲ್ಲಿ ನೆಲ ಅದುರಿದ ಕಾಲ. ದೇವರಾಜ ಅರಸರ ಭೂಸುಧಾರಣೆ, ಹಾವನೂರು ಆಯೋಗದ ವರದಿ, ದಲಿತ ಸಂಘರ್ಷ ಸಮಿತಿ, ಬಂಡಾಯ ಸಾಹಿತ್ಯ, 1980ರ ನರಗುಂದ–ನವಲಗುಂದದ ಗೋಲಿಬಾರ್, ಅದರ ಬೆನ್ನಲ್ಲೇ ರೈತ ಸಂಘ, 1982ರ ಗೋಕಾಕ್ ಚಳವಳಿ. ರಕ್ತಕ್ರಾಂತಿಯಲ್ಲ, ಆದರೆ ಯಾರು ಯಾರೆದುರು ಕೈಕಟ್ಟಿ ನಿಲ್ಲಬೇಕು ಎಂಬುದು ತಲೆಕೆಳಗಾದ ಹೊತ್ತು. ಮಂಡ್ಯ ಜಿಲ್ಲೆ ರೈತ ಸಂಘದ ಗಟ್ಟಿ ನೆಲೆಯಾಯಿತು. ಅಪ್ಪಣೆಯಿಲ್ಲದೆ ಸಾಲ ವಸೂಲಿಗೆ ಅಧಿಕಾರಿಗಳು ಊರೊಳಗೆ ಬರಕೂಡದು ಎಂಬ ಬೋರ್ಡುಗಳನ್ನು ರೈತ ಸಂಘ ಹಳ್ಳಿಗಳ ಬಾಗಿಲಲ್ಲಿ ನೆಟ್ಟಿತು. ಪಟೇಲರ ಜಗುಲಿಯ ಕೆಳಗೆ ನಿಲ್ಲುತ್ತಿದ್ದವರ ಮಕ್ಕಳು ತಹಸೀಲ್ದಾರರ ಜೀಪು ನಿಲ್ಲಿಸಿ ಲೆಕ್ಕ ಕೇಳಿದರು.

1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರಿಗೆ. ಬರಗಾಲದಲ್ಲಿ ಊರೂರಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದರು. ಅವರು ತಂದ ಕಾಯ್ದೆಯ ಪೂರ್ತಿ ಹೆಸರು ಹೇಳಲು ಉಸಿರು ಕಟ್ಟುತ್ತದೆ: ಕರ್ನಾಟಕ ಜಿಲ್ಲಾ ಪರಿಷತ್ತುಗಳು, ತಾಲ್ಲೂಕು ಪಂಚಾಯತ್ ಸಮಿತಿಗಳು, ಮಂಡಲ ಪಂಚಾಯತ್‌ಗಳು ಮತ್ತು ನ್ಯಾಯ ಪಂಚಾಯತ್‌ಗಳ ಅಧಿನಿಯಮ, 1983. ಅಶೋಕ್ ಮೆಹ್ತಾ ಸಮಿತಿ 1978ರಲ್ಲಿ ದೇಶಕ್ಕೆ ಹೇಳಿದ್ದನ್ನು ಕರ್ನಾಟಕ ಮೈಮೇಲೆ ಹಾಕಿಕೊಂಡಿತು. ರಾಷ್ಟ್ರಪತಿಗಳ ಅಂಕಿತ ಬೀಳುವಾಗ 1985 ಆಗಿತ್ತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ.

ಈ ಕಾಯ್ದೆ ಏನು ಮಾಡಿತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಂಟರಿಂದ ಹನ್ನೆರಡು ಸಾವಿರ ಜನಕ್ಕೆ ಒಂದು ಮಂಡಲ ಪಂಚಾಯ್ತಿ, ಅದಕ್ಕೆ ಚುನಾಯಿತ ‘ಪ್ರಧಾನ’. ಸುಮಾರು 28,000 ಜನಸಂಖ್ಯೆಗೆ ಒಬ್ಬ ಜಿಲ್ಲಾ ಪರಿಷತ್ ಸದಸ್ಯ. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಡೆಪ್ಯೂಟಿ ಕಮಿಷನರಿಗಿಂತ ಹಿರಿಯ ಐಎಎಸ್ ಅಧಿಕಾರಿ. ನೂರು ವರ್ಷಗಳಿಂದ ಜಿಲ್ಲೆಯಲ್ಲಿ ದೊಡ್ಡ ಸಾಹೇಬರೆಂದರೆ ಡಿಸಿ. ಈಗ ಡಿಸಿಗಿಂತ ಸೀನಿಯರ್ ಆದವರು ಓಟು ಕೇಳಿ ಬಂದ ಒಬ್ಬ ರೈತನೆದುರು ಕಡತ ಹಿಡಿದು ನಿಲ್ಲಬೇಕು. ಶಾಲೆ, ಆಸ್ಪತ್ರೆ, ಕೃಷಿ, ರೇಷ್ಮೆ, ಪಶುವೈದ್ಯ ಇಲಾಖೆಗಳ ಜಿಲ್ಲಾ ಕೆಲಸಗಳು ಪರಿಷತ್ತಿಗೆ ಹೋದವು. ಮೇಷ್ಟ್ರು ಶಾಲೆಗೆ ಬರಲಿಲ್ಲವೆಂದರೆ ದೂರು ಕೊಡಲು ಬೆಂಗಳೂರಿಗೆ ಹೋಗಬೇಕಿಲ್ಲ, ಪ್ರಧಾನರು ಅದೇ ಬೀದಿಯಲ್ಲಿದ್ದರು.

ಚುನಾವಣೆ ಪಕ್ಷದ ಚಿಹ್ನೆಯ ಮೇಲೆಯೇ ನಡೆಯಿತು. ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಕನಿಷ್ಠ ಶೇ 18. ರಾಜ್ಯದ 19 ಜಿಲ್ಲಾ ಪರಿಷತ್ತುಗಳಿಗೆ 887 ಸದಸ್ಯರು, ಎರಡೂವರೆ ಸಾವಿರದಷ್ಟು ಮಂಡಲಗಳಿಗೆ 50,000ಕ್ಕೂ ಮೀರಿ ಸದಸ್ಯರು ಆಯ್ಕೆಯಾದರು. ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಒಂದೇ ಸಲಕ್ಕೆ ಅಧಿಕೃತವಾಗಿ ಊರ ಸಭೆಯಲ್ಲಿ ಕೂತದ್ದು ಕರ್ನಾಟಕದ ಮಟ್ಟಿಗೆ ಅದೇ ಮೊದಲು.

ಹೊಗಳಿಕೆ ಇಷ್ಟಕ್ಕೇ ನಿಲ್ಲಿಸಬೇಕು. 1983ರ ಕಾಯ್ದೆ ಸದಸ್ಯತ್ವಕ್ಕೆ ಮೀಸಲಾತಿ ಕೊಟ್ಟಿತು, ಪ್ರಧಾನರ ಕುರ್ಚಿಗೆ ಕೊಡಲಿಲ್ಲ. ಹೀಗಾಗಿ ಮಂಡ್ಯದಂಥ ಕಡೆ ಕುರ್ಚಿ ಹೆಚ್ಚಾಗಿ ಜಮೀನಿದ್ದ, ಒಂದೇ ಪ್ರಬಲ ಜಾತಿಯ ಮನೆಗಳಲ್ಲೇ ಸುತ್ತಿತು. ದಲಿತ ಸದಸ್ಯ ಸಭೆಗೆ ಬಂದ, ಆದರೆ ಸಭೆಯನ್ನು ಕರೆಯುವವನಾಗಲಿಲ್ಲ. ತಾಲ್ಲೂಕು ಸಮಿತಿಗೆ ಶಾಸಕರೇ ಅಧ್ಯಕ್ಷರಾದರು. ನ್ಯಾಯ ಪಂಚಾಯ್ತಿ ಕಾಗದದಲ್ಲೇ ಉಳಿಯಿತು. ಇಷ್ಟಾದರೂ ರಿಸರ್ವ್ ಬ್ಯಾಂಕಿನ ಮಾಜಿ ಡೆಪ್ಯೂಟಿ ಗವರ್ನರ್ ಕೆ.ಎಸ್. ಕೃಷ್ಣಸ್ವಾಮಿ ಅವರ ಸಮಿತಿ 1989ರಲ್ಲಿ ಈ ಸಂಸ್ಥೆಗಳ ಕೆಲಸವನ್ನು ಪರಿಶೀಲಿಸಿದಾಗ ನೋಡುವಂಥದ್ದು ಒಂದಿಷ್ಟಿತ್ತು. ಶಾಲೆಗೆ ಮೇಷ್ಟ್ರು, ಆಸ್ಪತ್ರೆಗೆ ಡಾಕ್ಟರು ಸರಿಯಾಗಿ ಬರುವಂತಾಯಿತು ಎಂಬ ಮಾತು ಆ ದಿನಗಳ ಬಗ್ಗೆ ಇವತ್ತಿಗೂ ಕೇಳಿಬರುತ್ತದೆ.

ಮುನಿಸಿಕೊಂಡವರು ಶಾಸಕರು. ವರ್ಗಾವಣೆ, ಬೋರ್‌ವೆಲ್, ರಸ್ತೆ ಗುತ್ತಿಗೆ ಎಲ್ಲವೂ ಪರಿಷತ್ತಿನ ಕಡೆ ತಿರುಗಿದ ಮೇಲೆ ಅವರ ಮನೆ ಮುಂದಿನ ಜನಸಂದಣಿ ಕರಗಿತು. ಅದಕ್ಕಿಂತ ದೊಡ್ಡ ಆತಂಕ ಇನ್ನೊಂದು: ಇವತ್ತು ಜಿಲ್ಲಾ ಪರಿಷತ್ ಸದಸ್ಯನಾಗಿ ಹೆಸರು ಮಾಡಿದವನು ನಾಳೆ ಅದೇ ಕ್ಷೇತ್ರದಲ್ಲಿ ಟಿಕೆಟ್ ಕೇಳುತ್ತಾನೆ. ಈ ಆತಂಕಕ್ಕೆ ಪಕ್ಷಭೇದವಿಲ್ಲ. ಮುಂದಿನ ಕಥೆಯ ಬೀಗದ ಕೈ ಇಲ್ಲೇ ಇದೆ.

ನಜೀರ್ ಸಾಬ್ 1988ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಸರ್ಕಾರ ಬದಲಾಯಿತು. 1992ರ ಜನವರಿಯಲ್ಲಿ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತುಗಳ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಕಾಯ್ದೆಯನ್ನು ಯಾರೂ ಬೈಯಲಿಲ್ಲ. ತಾರೀಕು ಕೊಡಲಿಲ್ಲ ಅಷ್ಟೇ.

ಇಂಥದೇ ಒಂದು ಕಥೆ ರಷ್ಯಾದಲ್ಲೂ ಇದೆ. ಅಲ್ಲಿನ ‘ಜೆಮ್ಸ್ತ್ವೋ’ ಎಂಬ ಜಿಲ್ಲಾ ಸಂಸ್ಥೆಗಳು 1864ರಲ್ಲಿ ಹುಟ್ಟಿದವು. ಶಾಲೆ, ಆಸ್ಪತ್ರೆ, ರಸ್ತೆ ಅವುಗಳ ಹೊಣೆ. ಓಟು ಮಾತ್ರ ಆಸ್ತಿಯ ಮೇಲೆ, ಜಮೀನ್ದಾರರಿಗೆ ಹೆಚ್ಚು ತೂಕ, ಥೇಟ್ ನಮ್ಮ ಸಂಸ್ಥಾನದ ಹಾಗೆ. 1917ರ ಫೆಬ್ರುವರಿ ಕ್ರಾಂತಿಯಲ್ಲಿ ಜಾರ್ ದೊರೆ ಇಳಿದ ಮೇಲೆ ತಾತ್ಕಾಲಿಕ ಸರ್ಕಾರ ಹೆಂಗಸರೂ ಸೇರಿದಂತೆ ಎಲ್ಲ ವಯಸ್ಕರಿಗೂ ಸಮಾನ, ಗುಪ್ತ ಮತದಾನ ಕೊಟ್ಟಿತು. ಹೋಬಳಿ ಮಟ್ಟದಲ್ಲೂ ಹೊಸ ಸಂಸ್ಥೆಗಳನ್ನು ಕಟ್ಟಿ ಅದೇ ವರ್ಷ ಚುನಾವಣೆ ನಡೆಸಿತು. ಆಗಿನ ಲೋಕದಲ್ಲಿ ಅಷ್ಟು ವಿಶಾಲವಾದ ಸ್ಥಳೀಯ ಮತದಾನ ಬೇರೆಡೆ ಕಡಿಮೆ. ಅಕ್ಟೋಬರ್‌ನಲ್ಲಿ ಅಧಿಕಾರ ಹಿಡಿದ ಬೋಲ್ಶೆವಿಕರಿಗೆ ಅವು ಬೇಕಿರಲಿಲ್ಲ. 1918ರಲ್ಲಿ ಆ ಸಂಸ್ಥೆಗಳು ಇಲ್ಲವಾದವು. ಅಲ್ಲಿ ಬಲಾತ್ಕಾರದಿಂದ ಮುಚ್ಚಿದರು, ಇಲ್ಲಿ ಆದೇಶ ಹೊರಡಿಸಿ ಸುಮ್ಮನಾದರು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಆದರೆ ಚಳವಳಿಯ ಬಿಸಿಯಲ್ಲಿ ಕೊಟ್ಟ ಸ್ಥಳೀಯ ಅಧಿಕಾರವನ್ನು ಮುಂದೆ ಬಂದವರು ಸಹಿಸುವುದಿಲ್ಲ ಎಂಬುದು ಎರಡೂ ಕಡೆ ನಿಜ.

ಆರು ತಿಂಗಳ ಮಾತು

ಚುನಾವಣೆ ಮುಂದೂಡುವ ಈ ಚಾಳಿಯನ್ನು ತಡೆಯಲೆಂದೇ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂತು. ರಾಜೀವ್ ಗಾಂಧಿಯವರ ಕಾಲದ 64ನೇ ತಿದ್ದುಪಡಿ ಮಸೂದೆ 1989ರಲ್ಲಿ ರಾಜ್ಯಸಭೆಯಲ್ಲಿ ಬಿದ್ದಿತ್ತು. ಈ ಸಲ ಗೆದ್ದು 1993ರ ಏಪ್ರಿಲ್ 24ರಂದು ಜಾರಿಯಾಯಿತು. ಎರಡೂವರೆ ವಾರದೊಳಗೆ, ಮೇ 10ರಂದು, ಕರ್ನಾಟಕದ ಹೊಸ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂತು. ವೀರಪ್ಪ ಮೊಯಿಲಿ ಮುಖ್ಯಮಂತ್ರಿ, ಎಂ.ವೈ. ಘೋರ್ಪಡೆ ಆ ಖಾತೆಯ ಸಚಿವರು. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕು, ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ನಡೆಯಬೇಕು, ನಡೆಸುವುದು ಸ್ವತಂತ್ರ ರಾಜ್ಯ ಚುನಾವಣಾ ಆಯೋಗ. ತಾರೀಕನ್ನು ಮಂತ್ರಿಗಳ ಕೈಯಿಂದ ಕಿತ್ತುಕೊಳ್ಳುವ ಮೊದಲ ಗಂಭೀರ ಪ್ರಯತ್ನ ಇದು.

1993ರ ಡಿಸೆಂಬರ್‌ನ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಮೂರನೇ ಒಂದು ಭಾಗದ ಮೀಸಲಾತಿ ಮೀರಿ ಶೇ 43ರಷ್ಟು ಹೆಂಗಸರು ಗೆದ್ದರು. ಮೀಸಲಾತಿ ಈಗ ಕುರ್ಚಿಗೂ ಬಂತು, ಅದೂ ಸರದಿಯ ಮೇಲೆ. ಮಂಡ್ಯ ಸೀಮೆಯ ಹಳ್ಳಿಯಲ್ಲಿ ದಲಿತ ಹೆಣ್ಣುಮಗಳು ಅಧ್ಯಕ್ಷೆಯಾಗಿ ಸಭೆ ಕರೆಯುವುದು ಈ ಸರದಿಯಿಂದ ಸಾಧ್ಯವಾಯಿತು. 2010ರ ಹೊತ್ತಿಗೆ ಹೆಂಗಸರ ಪಾಲು ಅರ್ಧಕ್ಕೆ ಏರಿತು. ಅಧ್ಯಕ್ಷೆಯ ಬದಲು ಗಂಡನೇ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಎದುರು ಕುರ್ಚಿ ಎಳೆದುಕೊಂಡು ಕೂರುವ ದೃಶ್ಯ ಇನ್ನೂ ಹೋಗಿಲ್ಲ, ನಿಜ. ಸದಸ್ಯ ಸ್ಥಾನವನ್ನೇ ದೇವಸ್ಥಾನದ ಜೀರ್ಣೋದ್ಧಾರದ ನೆಪದಲ್ಲಿ ಹರಾಜು ಕೂಗುವ ಊರುಗಳೂ ಇವೆ. 2020ರಲ್ಲೂ ಇಂಥ ಹರಾಜಿನ ಸುದ್ದಿಗಳು ಬಂದು ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಅವಿರೋಧ ಆಯ್ಕೆ ಎಂದು ಬೋರ್ಡು ಹಾಕಿದ ಎಲ್ಲ ಕಡೆಯೂ ಒಗ್ಗಟ್ಟಿದೆ ಎಂದು ನಂಬಬಾರದು. ಆದರೆ ಎರಡನೇ ಅವಧಿಗೆ ತಾವೇ ಓಡಾಡಿ ಓಟು ಕೇಳುವ, ಜಮಾಬಂದಿಯ ದಿನ ಲೆಕ್ಕದ ಪುಸ್ತಕ ತೆಗೆಸುವ ಹೆಂಗಸರೂ ಇದೇ ಹಳ್ಳಿಗಳಲ್ಲಿದ್ದಾರೆ. ಗಂಡನ ನೆರಳಿನಿಂದ ಹೊರಬರಲು ಅವರಿಗೆ ಬೇಕಾದದ್ದು ಇನ್ನೊಂದು ಚುನಾವಣೆ, ಅದೂ ಹೊತ್ತಿಗೆ ಸರಿಯಾಗಿ.

ಗ್ರಾಮ ಪಂಚಾಯ್ತಿಗಳ ಮಟ್ಟಿಗೆ 1993, 2000, 2005, 2010, 2015, 2020 ಎಂದು ಚುನಾವಣೆಗಳು ಹೆಚ್ಚುಕಡಿಮೆ ಸಾಲಾಗಿ ಬಂದವು. ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳಿಗೂ 1995ರಿಂದ 2016ರವರೆಗೆ ಐದು ಸಲ ನಡೆಯಿತು. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮುಗಿಸಿ ಮೀಸಲಾತಿಯ ಕರಡನ್ನೂ ಪ್ರಕಟಿಸಿತ್ತು. ಅಷ್ಟರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಕ್ಷೇತ್ರ ವಿಂಗಡಣೆ, ಮೀಸಲಾತಿ ನಿಗದಿಯ ಅಧಿಕಾರವನ್ನು ಆಯೋಗದಿಂದ ವಾಪಸು ಪಡೆಯಿತು. ಪ್ರತ್ಯೇಕ ಸೀಮಾ ನಿರ್ಣಯ ಆಯೋಗ ನೇಮಿಸಿತು. ಅದೇ ಹೊತ್ತಿಗೆ ಸುಪ್ರೀಂ ಕೋರ್ಟ್ ಹಿಂದುಳಿದ ವರ್ಗಗಳ ರಾಜಕೀಯ ಮೀಸಲಾತಿಗೆ ಮೂರು ಹಂತದ ಪರೀಕ್ಷೆ ವಿಧಿಸಿತು. ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ 2022ರಲ್ಲಿ ವರದಿ ಕೊಟ್ಟಿತು. ಮೀಸಲಾತಿ ತೀರ್ಮಾನವಾಗಲಿಲ್ಲ ಎಂಬ ಕಾರಣಕ್ಕೆ ಚುನಾವಣೆ ನಿಲ್ಲಿಸಬಾರದು ಎಂದೂ ಅದೇ ಸುಪ್ರೀಂ ಕೋರ್ಟ್ ಮಧ್ಯಪ್ರದೇಶದ ಪ್ರಕರಣದಲ್ಲಿ ಅದೇ ವರ್ಷ ಹೇಳಿತು. ವಿಳಂಬಕ್ಕಾಗಿ ಹೈಕೋರ್ಟ್ 2022ರ ಕೊನೆಗೆ ರಾಜ್ಯ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. 2023ರಲ್ಲಿ ಸರ್ಕಾರ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ಚುನಾವಣೆ ಎಲ್ಲಿ ಎಂದು ಕೇಳಿದವರು ಅಧಿಕಾರಕ್ಕೆ ಬಂದರು. ಆಮೇಲೂ ತಾರೀಕು ಬರಲಿಲ್ಲ.

ಇಲ್ಲಿ ಯಾರೂ ಸಂವಿಧಾನವನ್ನು ಬಹಿರಂಗವಾಗಿ ಧಿಕ್ಕರಿಸಲಿಲ್ಲ ಎಂಬುದನ್ನು ಗಮನಿಸಬೇಕು. ಕ್ಷೇತ್ರ ವಿಂಗಡಣೆ ಬೇಕು, ಮೀಸಲಾತಿ ನ್ಯಾಯವಾಗಿರಬೇಕು, ಆಕ್ಷೇಪಣೆ ಕೇಳಬೇಕು. ಒಂದೊಂದೂ ಸರಿಯಾದ ಮಾತೇ. ಸರಿಯಾದ ಮಾತುಗಳನ್ನು ಒಂದರ ಹಿಂದೆ ಒಂದು ಸಾಲಿಗೆ ನಿಲ್ಲಿಸಿದರೆ ಐದು ವರ್ಷ ದಾಟಿಸಬಹುದು. 73ನೇ ತಿದ್ದುಪಡಿ ಗಡುವು ಬರೆಯಿತು, ಗಡುವು ಮೀರಿದವರಿಗೆ ಏನಾಗಬೇಕೆಂದು ಬರೆಯಲಿಲ್ಲ. 5 ಲಕ್ಷ ದಂಡ ಯಾವ ಮಂತ್ರಿಯ ಜೇಬಿನಿಂದಲೂ ಹೋಗುವುದಲ್ಲ, ನಮ್ಮದೇ ತೆರಿಗೆ ಹಣ.

ಮಾಡಬೇಕಾದ್ದು ಅಷ್ಟು ಕಷ್ಟದ್ದಲ್ಲ. ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ಕೆಲಸವನ್ನು ಮತ್ತೆ ಚುನಾವಣಾ ಆಯೋಗಕ್ಕೇ ಒಪ್ಪಿಸಬೇಕು. ಅವಧಿ ಮುಗಿಯುವ ದಿನದೊಳಗೆ ಹೊಸ ಪಟ್ಟಿ ಸಿದ್ಧವಾಗದಿದ್ದರೆ ಹಳೆಯ ಪಟ್ಟಿಯ ಮೇಲೇ ಚುನಾವಣೆ ನಡೆಯಬೇಕು ಎಂದು ಕಾಯ್ದೆಯಲ್ಲೇ ಬರೆಯಬೇಕು. ಮೀಸಲಾತಿಯ ಸರದಿಯನ್ನು ಎರಡು ಅವಧಿಗೆ ಮುಂಚಿತವಾಗಿ ಪ್ರಕಟಿಸಿದರೆ ಕೊನೆ ಗಳಿಗೆಯ ತಕರಾರುಗಳಲ್ಲಿ ಅರ್ಧ ತಾನೇ ತಗ್ಗುತ್ತವೆ. ಇವು ಯಾವುವೂ ಬೀದಿಯ ಹೋರಾಟದ ಮಟ್ಟದ ಬೇಡಿಕೆಗಳಲ್ಲ, ಶಾಸನಸಭೆಯ ಒಂದು ಮಧ್ಯಾಹ್ನದ ಕೆಲಸ. ಆಗದಿರುವುದಕ್ಕೆ ಕಾರಣ ಆ ಮಧ್ಯಾಹ್ನ ಅಲ್ಲಿ ಕೈ ಎತ್ತಬೇಕಾದವರು ಶಾಸಕರೇ ಆಗಿರುವುದು.

ಮಂಡ್ಯ ಜಿಲ್ಲಾ ಪಂಚಾಯ್ತಿಯಲ್ಲಿ 2016ರಲ್ಲಿ ಆಯ್ಕೆಯಾದದ್ದು 41 ಸದಸ್ಯರು. ಅವರು ಹೇಗೆ ಕೆಲಸ ಮಾಡಿದರು ಎಂಬುದರ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಅದನ್ನು ತೀರ್ಮಾನಿಸುವ ಅವಕಾಶ 2021ರಲ್ಲಿ ಮತದಾರರಿಗೆ ಸಿಗಲಿಲ್ಲ. ನಾಲೆಯ ಕೊನೆಯಂಚಿನ ಶಾಲೆಯ ಚಾವಣಿ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸು, ಹಳ್ಳಿಯಿಂದ ಹಳ್ಳಿಗೆ ಹೋಗುವ ಜಿಲ್ಲಾ ಪಂಚಾಯ್ತಿ ರಸ್ತೆ ಇವುಗಳ ಬಗ್ಗೆ ಸಭೆಯಲ್ಲಿ ಎದ್ದು ಕೇಳುವವರು ಆಗಿನಿಂದ ಯಾರೂ ಇಲ್ಲ. ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ಹೋದಾಗ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯ್ತಿಗೆ ಚುನಾವಣೆ ಯಾವ ದಿನ ಎಂದು ಕೇಳಿ, ಆ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ನಿಮ್ಮ ಶಾಸಕರಿಗೆ ಒಂದು ಪ್ರತಿ ಕಳಿಸಿ.